ರೈಲು, ದೋಣಿ ಮತ್ತು ನಡುವಿನ ಕೊಂಡಿ: ಪ್ಯಾಕೇಜ್ ಎಲ್ಲಿ ಬೇಕು, ಎಲ್ಲಿ ಬೇಡ

ನಾರ್ವೆಯ ಫ್ಲೋಮ್ ಎಂಬ ಹಳ್ಳಿಯ ದೋಣಿಕಟ್ಟೆಯಲ್ಲಿ ನಿಂತು ಮೊಬೈಲಿನಲ್ಲಿದ್ದ ಟಿಕೆಟ್ ತೋರಿಸಿದೆ. ಅಲ್ಲಿದ್ದ ಹುಡುಗಿ ಎರಡೆರಡು ಸಲ ನೋಡಿ, ‘ಇದು ಗುಡ್‌ವಾಂಗೆನ್‌ನಿಂದ ಇಲ್ಲಿಗೆ ಬರುವ ದೋಣಿಯದು’ ಎಂದಳು. ನಾವಿದ್ದದ್ದು ಫ್ಲೋಮ್‌ನಲ್ಲಿ, ಹೋಗಬೇಕಿದ್ದದ್ದು ಗುಡ್‌ವಾಂಗೆನ್‌ಗೆ. ಉಲ್ಟಾ ದಿಕ್ಕಿನ ಟಿಕೆಟ್ ಕೊಂಡವನು ನಾನೇ, ಯಾರನ್ನೂ ಬಯ್ಯುವ ಹಾಗಿರಲಿಲ್ಲ. ಜುಲೈ ತಿಂಗಳು, ಹೊರಡಲಿದ್ದ ದೋಣಿ ಭರ್ತಿ. ಮುಂದಿನದಕ್ಕೆ ಕಾದರೆ ವೋಸ್‌ನಿಂದ ಬರ್ಗೆನ್‌ಗೆ ಕಾಯ್ದಿರಿಸಿದ್ದ ರೈಲು ತಪ್ಪುತ್ತಿತ್ತು. ಕೊನೆಗೆ ಬಸ್ ಹತ್ತಿದೆವು. ಎರಡು ಊರುಗಳ ನಡುವೆ 11.4 ಕಿ.ಮೀ. ಉದ್ದದ ಸುರಂಗವಿದೆ, ಇಪ್ಪತ್ತು ನಿಮಿಷದಲ್ಲಿ ದಾಟಿಸಿಬಿಡುತ್ತದೆ. ಯಾವ ಫಿಯೋರ್ಡ್ (ಕಡಿದಾದ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಸಮುದ್ರದ ತೋಳು) ನೋಡಲೆಂದು ಅಷ್ಟು ದೂರ ಹೋಗಿದ್ದೆವೋ ಅದರ ಬದಲು ಸುರಂಗದ ಹಳದಿ ದೀಪಗಳನ್ನು ನೋಡಿಕೊಂಡು ಬಂದೆವು.

ಅಲ್ಲಿಯವರೆಗೆ ಪ್ಯಾಕೇಜ್ ಎಂದರೆ ಸೋಮಾರಿಗಳ ದಂಡ ಎಂದುಕೊಂಡಿದ್ದೆ. ಆಮೇಲೆ ಸ್ವಿಟ್ಜರ್ಲೆಂಡಿನಲ್ಲಿ ಇನ್ನೊಂದು ರೈಲು-ದೋಣಿ ಪ್ರಯಾಣ ಮಾಡಿದಾಗ ಪ್ಯಾಕೇಜ್ ಕೊಂಡು, ಅದು ಬೇಕೇ ಇರಲಿಲ್ಲ ಎಂದು ತಿಳಿದುಕೊಂಡೆ. ಎರಡೂ ಕಡೆ ತಪ್ಪು ಮಾಡಿದವನ ಲೆಕ್ಕ ಇದು. ಪ್ಯಾಕೇಜ್ ಕಂಪನಿಗಳು ಮಾರುವುದು ಬೆಟ್ಟವನ್ನೂ ಅಲ್ಲ, ನೀರನ್ನೂ ಅಲ್ಲ. ರೈಲಿಳಿದು ದೋಣಿ ಹತ್ತುವ, ದೋಣಿಯಿಳಿದು ಬಸ್ ಹಿಡಿಯುವ ನಡುವಿನ ಕೊಂಡಿಯನ್ನು ಮಾರುತ್ತವೆ. ಕೊಂಡಿ ನಾಜೂಕಾಗಿರುವ ಕಡೆ ಆ ದುಡ್ಡು ಸಾರ್ಥಕ. ಗಟ್ಟಿಯಾಗಿರುವ ಕಡೆ ದಂಡ.

ನಾರ್ವೆ: ಐದು ಟಿಕೆಟಿನ ಹಾದಿ

ಈ ಬಗೆಯ ಪ್ರವಾಸಗಳಲ್ಲಿ ಹೆಚ್ಚು ಹೆಸರಾದದ್ದು ‘ನಾರ್ವೆ ಇನ್ ಎ ನಟ್‌ಷೆಲ್’. ಫಿಯೋರ್ಡ್ ಟೂರ್ಸ್ ಎಂಬ ಕಂಪನಿ ಅದನ್ನು ಈ ಹೆಸರಿನಲ್ಲಿ ಮಾರುತ್ತದೆ. ಒಳಗಿರುವುದು ಇಷ್ಟು: ಓಸ್ಲೋದಿಂದ ಬರ್ಗೆನ್ ರೈಲುಮಾರ್ಗದಲ್ಲಿ ಮಿರ್ಡಾಲ್‌ವರೆಗೆ, ಅಲ್ಲಿಂದ ಫ್ಲೋಮ್ ರೈಲಿನಲ್ಲಿ ಕೆಳಗಿನ ಫಿಯೋರ್ಡ್ ದಡಕ್ಕೆ, ಅಲ್ಲಿಂದ ದೋಣಿಯಲ್ಲಿ ಗುಡ್‌ವಾಂಗೆನ್‌ಗೆ, ಬಸ್ಸಿನಲ್ಲಿ ವೋಸ್‌ಗೆ, ಮತ್ತೆ ರೈಲಿನಲ್ಲಿ ಬರ್ಗೆನ್‌ಗೆ. ಒಟ್ಟು ಐದು ಟಿಕೆಟ್. ಇದೇ ಐದನ್ನೂ ನೀವೇ ಬಿಡಿಬಿಡಿಯಾಗಿ ಕೊಳ್ಳಬಹುದು. ಎಲ್ಲವೂ ಸಾರ್ವಜನಿಕರಿಗೆ ತೆರೆದಿರುವ ಸೇವೆಗಳೇ, ಪ್ಯಾಕೇಜಿನವರಿಗೆಂದು ಬೇರೆ ರೈಲು ಓಡುವುದಿಲ್ಲ.

ಬಹಳ ಜನ ಇಲ್ಲೇ ಎಡವುತ್ತಾರೆ. ಪ್ಯಾಕೇಜ್ ಎಂದ ಕೂಡಲೇ ಬಾವುಟ ಹಿಡಿದು ಮುಂದೆ ನಡೆಯುವ ಗೈಡ್, ಪಕ್ಕದಲ್ಲಿ ಹೋಟೆಲಿನವರೆಗೆ ಬಿಡುವ ಬಸ್ಸು ಎಂದೆಲ್ಲ ಊಹಿಸಿಕೊಳ್ಳುತ್ತಾರೆ. ಇಲ್ಲಿ ಗೈಡ್ ಇರುವುದಿಲ್ಲ. ಟಿಕೆಟ್‌ಗಳ ಕಟ್ಟು ಮತ್ತು ಒಂದು ವೇಳಾಪಟ್ಟಿ ಕೈಗೆ ಬರುತ್ತದೆ, ಪ್ಲಾಟ್‌ಫಾರ್ಮ್ ಹುಡುಕುವುದು, ಪೆಟ್ಟಿಗೆ ಎತ್ತುವುದು ನಿಮ್ಮ ಪಾಲು. ನೀವಾಗಿ ಸೇರಿಸದಿದ್ದರೆ ಹೋಟೆಲೂ ಇರುವುದಿಲ್ಲ. ಓಸ್ಲೋದಿಂದ ಬರ್ಗೆನ್‌ಗೆ ಪೆಟ್ಟಿಗೆಗಳನ್ನು ಬೇರೆಯಾಗಿ ಸಾಗಿಸುವ ವ್ಯವಸ್ಥೆ ಇದೆ, ಅದಕ್ಕೆ ಪ್ರತ್ಯೇಕ ಹಣ. ಐದು ಸಲ ಇಳಿದು ಹತ್ತುವ ದಿನದಲ್ಲಿ ಇಪ್ಪತ್ತು ಕೆ.ಜಿ.ಯ ಪೆಟ್ಟಿಗೆ ಎಳೆದವರಿಗೆ ಆ ಹಣದ ಬೆಲೆ ಗೊತ್ತು.

ಹಾಗಿದ್ದರೆ ಹೆಚ್ಚಿಗೆ ಕೊಟ್ಟು ಯಾಕೆ ಕೊಳ್ಳಬೇಕು? ಕೊಂಡಿಗಳನ್ನು ಒಂದೊಂದಾಗಿ ನೋಡಿ. 1909ರಲ್ಲಿ ತೆರೆದ ಬರ್ಗೆನ್ ಮಾರ್ಗ ಮರವೇ ಬೆಳೆಯದ ಎತ್ತರದ ಬಯಲಿನ ಮೇಲೆ ಹಾಯುತ್ತದೆ. ಅದರ ಅತಿ ಎತ್ತರದ ನಿಲ್ದಾಣ ಫಿನ್ಸೆ ಸಮುದ್ರಮಟ್ಟದಿಂದ 1,222 ಮೀಟರ್ ಮೇಲಿದೆ. ಚಳಿಗಾಲದಲ್ಲಿ ಹಿಮಗಾಳಿ ಎದ್ದರೆ ರೈಲು ತಡವಾಗುವುದು, ಕೆಲವೊಮ್ಮೆ ನಿಂತೇಹೋಗುವುದು ಹೊಸದಲ್ಲ. ಅಲ್ಲಿಂದ ಮುಂದೆ ಸಿಗುವ ಮಿರ್ಡಾಲ್‌ಗೆ ವಾಹನ ಹೋಗುವ ರಸ್ತೆಯೇ ಇಲ್ಲ. ಫ್ಲೋಮ್ ರೈಲು ತಪ್ಪಿತೆಂದರೆ ಟ್ಯಾಕ್ಸಿ ಕರೆಯುವ ಮಾತೇ ಬರುವುದಿಲ್ಲ, ಮುಂದಿನ ರೈಲಿಗೆ ಕಾಯಬೇಕು. ಅದು ತಡವಾದರೆ ದೋಣಿ, ದೋಣಿ ತಡವಾದರೆ ಬಸ್ಸು, ಹೀಗೆ ಒಂದಕ್ಕೊಂದು ಸರಪಳಿ. ಬಿಡಿ ಟಿಕೆಟ್ ಕೊಂಡವನಿಗೆ ರೈಲಿನವರು ರೈಲಿನ ಹೊಣೆಯನ್ನಷ್ಟೇ ಹೊರುತ್ತಾರೆ, ಕೈಬಿಟ್ಟುಹೋದ ದೋಣಿ ಅವರಿಗೆ ಸಂಬಂಧಿಸಿದ್ದಲ್ಲ. ಒಂದೇ ಕಂಪನಿಯಿಂದ ಕೊಂಡಿದ್ದರೆ ಫೋನ್ ಮಾಡಲು ಒಂದು ನಂಬರಾದರೂ ಇರುತ್ತದೆ.

ಫ್ಲೋಮ್ ರೈಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಜನ ದುಡ್ಡು ಕೊಡುವುದು ಮುಖ್ಯವಾಗಿ ಅದಕ್ಕೆ. ಉದ್ದ ಬರೀ 20 ಕಿ.ಮೀ., ಇಳಿಯುವುದು ಮಾತ್ರ 860 ಮೀಟರಿಗೂ ಹೆಚ್ಚು. ಗರಿಷ್ಠ ಇಳಿಜಾರು 18ಕ್ಕೆ 1, ಅಂದರೆ 18 ಮೀಟರ್ ಸಾಗಿದರೆ 1 ಮೀಟರ್ ಇಳಿತ. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ಕಡಿದಾದ ಇಳಿಜಾರು 50ಕ್ಕೆ 1 ಎಂದು ನೆನೆಸಿಕೊಂಡರೆ ಅಂದಾಜು ಸಿಗುತ್ತದೆ. ಹಲ್ಲುಗಾಲಿ ಇಲ್ಲದೆ, ಸಾಧಾರಣ ಹಳಿಯ ಮೇಲೆಯೇ ಇದು ಇಳಿಯುತ್ತದೆ. ಸುರಂಗಗಳು 20, ಅದರಲ್ಲಿ 18 ಕೈಯಲ್ಲೇ ಕೊರೆದವು. ಕೆಲಸ ಶುರುವಾದದ್ದು 1920ರ ದಶಕದಲ್ಲಿ, ಸರಕು ರೈಲು ಓಡಿದ್ದು 1940ರಲ್ಲಿ. ಹೆಚ್ಚುಕಡಿಮೆ ಒಂದು ಗಂಟೆಯ ಪ್ರಯಾಣ. ನಡುವೆ ಕ್ಯೋಸ್‌ಫೋಸೆನ್ ಜಲಪಾತದ ಎದುರು ರೈಲು ನಿಲ್ಲಿಸಿ ಎಲ್ಲರನ್ನೂ ಇಳಿಸುತ್ತಾರೆ. ಬೇಸಿಗೆಯಲ್ಲಿ ಜಾನಪದದ ಕಾಡುಮೋಹಿನಿಯ ವೇಷ ತೊಟ್ಟವಳೊಬ್ಬಳು ಬಂಡೆಯ ಮೇಲೆ ಬಂದು ಕುಣಿಯುತ್ತಾಳೆ. ನನಗೆ ಅದು ಸ್ವಲ್ಪ ಅತಿಯಾಯಿತು ಅನ್ನಿಸಿತು, ಜೊತೆಗಿದ್ದ ಮಕ್ಕಳು ಮಾತ್ರ ಇಡೀ ದಿನ ಅದನ್ನೇ ಮಾತಾಡಿದರು.

ದೋಣಿಯ ಭಾಗ ಎರಡು ಗಂಟೆ. ಮೊದಲು ಔರ್‌ಲಾಂಡ್ಸ್ ಫಿಯೋರ್ಡ್, ಆಮೇಲೆ ತಿರುಗಿ ನೇರೊಯ್ ಫಿಯೋರ್ಡ್. ಎರಡೂ 200 ಕಿ.ಮೀ.ಗೂ ಉದ್ದದ ಸೋಗ್ನೆ ಫಿಯೋರ್ಡಿನ ಕವಲುಗಳು. ನೇರೊಯ್ ಅತಿ ಕಿರಿದಾದ ಕಡೆ ಕೇವಲ 250 ಮೀಟರ್ ಅಗಲ. 2005ರಲ್ಲಿ ಗೈರಾಂಗರ್ ಫಿಯೋರ್ಡಿನ ಜೊತೆಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈ ಹಾದಿಯಲ್ಲಿ ಓಡುವ ಹೊಸ ದೋಣಿಗಳಲ್ಲಿ ಒಂದು ಪೂರ್ತಿ ಬ್ಯಾಟರಿಯದು, 2018ರಿಂದ ಓಡುತ್ತಿದೆ. ಎಂಜಿನ್ ಸದ್ದಿಲ್ಲದ ಕಾರಣ ಬೆಟ್ಟದಿಂದ ಬೀಳುವ ನೀರಿನ ಸದ್ದು ಡೆಕ್ಕಿನ ಮೇಲೆ ನಿಂತವರಿಗೆ ಕೇಳಿಸುತ್ತದೆ. ಹಾಗಾಗಿ ಯಾವ ಪ್ಯಾಕೇಜ್ ಕೊಂಡರೂ ಮೊದಲು ಕೇಳಬೇಕಾದ ಪ್ರಶ್ನೆ: ದೋಣಿ ಯಾವ ಫಿಯೋರ್ಡಿನದು? ಗುಂಪು ಪ್ರವಾಸಗಳ ಕಾರ್ಯಕ್ರಮಪಟ್ಟಿಯಲ್ಲಿ ಬರೀ ‘ಫಿಯೋರ್ಡ್ ಕ್ರೂಸ್’ ಎಂದು ಬರೆದಿರುತ್ತಾರೆ. ಬರ್ಗೆನ್ ಬಂದರಿನಿಂದಲೇ ಹೊರಟು ಮೂರೂವರೆ ಗಂಟೆಯಲ್ಲಿ ವಾಪಸ್ಸು ತಂದುಬಿಡುವ ದೋಣಿಗಳೂ ಇವೆ. ಅವೂ ಚೆಂದವೇ, ಆದರೆ ನೇರೊಯ್ ಅಲ್ಲ.

ಒಂದೇ ದಿನವೋ, ತಂಗಿ ಹೋಗುವುದೋ

ಓಸ್ಲೋದಿಂದ ಬೆಳಗ್ಗೆ ಹೊರಟು ಐದೂ ಹಂತ ಮುಗಿಸಿ ಬರ್ಗೆನ್ ಮುಟ್ಟುವಷ್ಟರಲ್ಲಿ ಹನ್ನೆರಡು ಗಂಟೆ ದಾಟಿರುತ್ತದೆ. ಕಂಪನಿಗಳು ಇದನ್ನೇ ಮುಂದಿಟ್ಟು ಮಾರುತ್ತವೆ, ಒಂದೇ ದಿನದಲ್ಲಿ ಎಲ್ಲ ನೋಡಿಬಿಡಬಹುದು ಎಂದು. ನೋಡಬಹುದು, ನಿಜ. ವಯಸ್ಸಾದವರಿದ್ದರೆ, ಸಣ್ಣ ಮಕ್ಕಳಿದ್ದರೆ ನಾನಂತೂ ಬೇಡ ಎನ್ನುತ್ತೇನೆ. ವೋಸ್‌ನಿಂದ ಬರ್ಗೆನ್‌ವರೆಗಿನ ಕೊನೆಯ ಒಂದೂಕಾಲು ಗಂಟೆಯಲ್ಲಿ ಬೋಗಿ ಪೂರ್ತಿ ನಿದ್ದೆ ಹೋಗಿರುತ್ತದೆ, ಹೊರಗಿನ ಫಿಯೋರ್ಡ್ ಯಾರಿಗೂ ಬೇಕಾಗಿರುವುದಿಲ್ಲ.

ಫ್ಲೋಮ್‌ನಲ್ಲಿ ಒಂದು ರಾತ್ರಿ ಉಳಿದರೆ ಆಟವೇ ಬದಲಾಗುತ್ತದೆ. ಅದು ಕೆಲವು ನೂರು ಜನರ ಹಳ್ಳಿ. ಹಗಲು ದೊಡ್ಡ ಕ್ರೂಸ್ ಹಡಗು ಬಂದು ನಿಂತರೆ ಹಳ್ಳಿಯ ಜನಸಂಖ್ಯೆಯ ಎಷ್ಟೋ ಪಟ್ಟು ಮಂದಿ ಒಮ್ಮೆಲೇ ಇಳಿಯುತ್ತಾರೆ, ಸಂಜೆ ಹಡಗು ಹೊರಟ ಮೇಲೆ ದಡ ನಿಮ್ಮದೇ. ಬೆಳಗಿನ ಮೊದಲ ದೋಣಿಗೆ ಜನ ಕಡಿಮೆ. ಹೋಟೆಲುಗಳು ಬೆರಳೆಣಿಕೆಯಷ್ಟೇ, ಬೆಲೆಯೂ ಕಡಿಮೆ ಇಲ್ಲ. ಸಿಗದಿದ್ದರೆ ಪಕ್ಕದ ಔರ್‌ಲಾಂಡ್, ಇಲ್ಲವೇ ವೋಸ್ ನೋಡಿ.

ಇನ್ನೊಂದು ಲಾಭ ಕಾನೂನಿನದು. ಈ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಯುರೋಪಿನ ಪ್ಯಾಕೇಜ್ ಪ್ರವಾಸ ನಿಯಮ (ನಾರ್ವೆಯಲ್ಲಿ 2018ರ ಜುಲೈಯಿಂದ ಜಾರಿಯಲ್ಲಿರುವ ಕಾಯ್ದೆಯೂ ಅದನ್ನೇ ಅನುಸರಿಸುತ್ತದೆ) ‘ಪ್ಯಾಕೇಜ್’ ಎನ್ನಬೇಕಾದರೆ ಎರಡು ಬೇರೆಬೇರೆ ಬಗೆಯ ಸೇವೆ ಇರಬೇಕು ಎನ್ನುತ್ತದೆ. ರೈಲು, ದೋಣಿ, ಬಸ್ಸು ಮೂರೂ ಸೇರಿದರೂ ಕಾನೂನಿನ ಕಣ್ಣಿಗೆ ಅದು ಒಂದೇ ಬಗೆ, ಪ್ರಯಾಣಿಕರ ಸಾಗಣೆ. ಸಾಲದ್ದಕ್ಕೆ, ಇಪ್ಪತ್ನಾಲ್ಕು ಗಂಟೆಯೊಳಗೆ ಮುಗಿಯುವ, ರಾತ್ರಿ ತಂಗದ ಪ್ರವಾಸವನ್ನು ಅದು ಹೊರಗಿಟ್ಟಿದೆ. ಅಂದರೆ ಒಂದು ದಿನದ ಟಿಕೆಟ್ ಕಟ್ಟಿಗೆ ಪ್ಯಾಕೇಜ್ ಎಂಬ ಹೆಸರಿದ್ದರೂ ಆ ಕಾಯ್ದೆಯ ರಕ್ಷಣೆ ಇರುವುದಿಲ್ಲ. ಅದೇ ಕಂಪನಿಯಿಂದ ಅದೇ ಬುಕಿಂಗಿನಲ್ಲಿ ಒಂದು ರಾತ್ರಿಯ ಹೋಟೆಲ್ ಸೇರಿಸಿದಿರೋ, ಇಡೀ ಪ್ರವಾಸಕ್ಕೆ ಮಾರಿದವನೇ ಹೊಣೆಗಾರ. ಕಂಪನಿ ದಿವಾಳಿಯಾದರೂ ಕೊಟ್ಟ ಹಣಕ್ಕೆ ಖಾತರಿ ಇರುತ್ತದೆ. ಹೋಟೆಲನ್ನು ಬೇರೆ ಆ್ಯಪ್‌ನಲ್ಲಿ ನೂರು ಕ್ರೋನ್ (ನಾರ್ವೆಯ ಹಣ) ಕಡಿಮೆಗೆ ಹುಡುಕುವ ಮುನ್ನ ಇದು ತಲೆಯಲ್ಲಿರಲಿ. ಸ್ವಿಟ್ಜರ್ಲೆಂಡಿಗೆ ಅದರದೇ ಬೇರೆ ಕಾಯ್ದೆ ಇದೆ, 1993ರದು.

ನಾರ್ವೆಯಲ್ಲಿ ಸ್ವಂತ ಬುಕಿಂಗ್ ಗೆಲ್ಲುವ ಸಂದರ್ಭಗಳೂ ಇವೆ. ಈ ಕಡೆ ಎರಡು ಮೂರು ರಾತ್ರಿ ಉಳಿಯುವವರಿಗೆ ಕೊಂಡಿ ತಪ್ಪಿದರೂ ನಷ್ಟವಿಲ್ಲ, ನಾಳೆ ಇನ್ನೊಂದು ದೋಣಿ ಇದೆ. ರೈಲು ಕಂಪನಿ ವ್ಯು (2019ರವರೆಗೆ ಎನ್‌ಎಸ್‌ಬಿ ಎಂಬ ಹೆಸರಿತ್ತು) ಮುಂಚಿತವಾಗಿ ಕೊಂಡವರಿಗೆ ಓಸ್ಲೋ-ಬರ್ಗೆನ್ ಟಿಕೆಟನ್ನು ಅಗ್ಗದಲ್ಲಿ ಕೊಡುತ್ತದೆ, ಆ ಉಳಿತಾಯ ದೊಡ್ಡದು. ಯುರೋಪಿನ ಹಲವು ದೇಶಗಳ ರೈಲುಗಳಿಗೆ ನಡೆಯುವ ಯುರೇಲ್ ಪಾಸ್ ಇದ್ದವರಿಗೆ ಬರ್ಗೆನ್ ಮಾರ್ಗ ಪಾಸಿನಲ್ಲೇ ಬರುತ್ತದೆ, ಫ್ಲೋಮ್ ರೈಲಿಗೆ ಮಾತ್ರ ರಿಯಾಯಿತಿಯಷ್ಟೇ. ಬರ್ಗೆನ್‌ನಿಂದಲೇ ಹೊರಟು ಅಲ್ಲಿಗೇ ಮರಳುವ ಸುತ್ತು ಹಾಕುವವರಿಗೂ ಸ್ವಂತ ಬುಕಿಂಗ್ ಕಷ್ಟವಲ್ಲ. ದೂರ ಕಡಿಮೆ, ದಿನ ಉದ್ದ.

ಕಾಲದ ಮಾತು ಬಂದರೆ, ಹಿಮ ಕರಗಿ ಜಲಪಾತಗಳು ತುಂಬಿ ಧುಮುಕುವ ಮೇ ಕೊನೆ, ಜೂನ್ ಮೊದಲ ವಾರಗಳೇ ನನ್ನ ಆಯ್ಕೆ. ಜೂನ್ ಕೊನೆಗೆ ಬರ್ಗೆನ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಹಗಲು ಆರು ಗಂಟೆಯಷ್ಟೇ, ಅಂಥ ದಿನದಲ್ಲಿ ಹನ್ನೆರಡು ಗಂಟೆಯ ಪ್ರವಾಸ ಮಾಡಿದರೆ ಅರ್ಧ ಕತ್ತಲೆಗೇ ದುಡ್ಡು ಕೊಟ್ಟ ಹಾಗೆ. ಮಳೆಗೆ ಮಾತ್ರ ಕಾಲವಿಲ್ಲ. ಬರ್ಗೆನ್‌ನಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ.

ಸ್ವಿಟ್ಜರ್ಲೆಂಡ್: ಹೆಸರಿಗೆ ದುಡ್ಡು

ಇಲ್ಲಿಯ ರೈಲು-ದೋಣಿ ಜೋಡಿಯ ಹೆಸರು ಗೊಟಾರ್ಡ್ ಪನೋರಮಾ ಎಕ್ಸ್‌ಪ್ರೆಸ್. ಮೊದಲು ವಿಲ್ಹೆಲ್ಮ್ ಟೆಲ್ ಎಕ್ಸ್‌ಪ್ರೆಸ್ ಎನ್ನುತ್ತಿದ್ದರು, 2017ರಲ್ಲಿ ಹೆಸರು ಬದಲಾಯಿತು. ಲೂಸರ್ನ್‌ನಿಂದ ಫ್ಲೂಯೆಲೆನ್‌ವರೆಗೆ ಸರೋವರದ ಮೇಲೆ ಎರಡೂ ಮುಕ್ಕಾಲು ಗಂಟೆ ದೋಣಿ, ಅಲ್ಲಿಂದ ದೊಡ್ಡ ಗಾಜಿನ ಕಿಟಕಿಗಳ ರೈಲಿನಲ್ಲಿ ಗೊಟಾರ್ಡ್ ಬೆಟ್ಟ ಹತ್ತಿಳಿದು ಇಟಾಲಿಯನ್ ಮಾತಾಡುವ ಲುಗಾನೊಗೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ, ಸೋಮವಾರ ಇಲ್ಲ. ರೈಲಿನ ಭಾಗದಲ್ಲಿ ಫಸ್ಟ್ ಕ್ಲಾಸ್ ಮಾತ್ರ, ಸೀಟು ಕಾಯ್ದಿರಿಸುವುದು ಕಡ್ಡಾಯ. ಆ ದೇಶದ ರೈಲು, ಬಸ್ಸು, ದೋಣಿಗಳಿಗೆ ನಡೆಯುವ ಸ್ವಿಸ್ ಟ್ರಾವೆಲ್ ಪಾಸ್ ಇದ್ದರೂ ಕಾಯ್ದಿರಿಸಲು ಮತ್ತೆ ಫ್ರಾಂಕ್ ಎಣಿಸಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ.

ನೋಟ? ನಾರ್ವೆಯಷ್ಟು ಉಸಿರು ಬಿಗಿಹಿಡಿಸುವುದಿಲ್ಲ, ಆದರೆ ಆರಾಮ. ಸರೋವರದಲ್ಲಿ 1901ರಿಂದ 1928ರ ನಡುವೆ ಕಟ್ಟಿದ ಐದು ಹಳೆಯ ಉಗಿದೋಣಿಗಳು ಈಗಲೂ ಓಡುತ್ತವೆ, ಪಕ್ಕದ ಚಕ್ರ ನೀರು ಬಡಿದುಕೊಂಡು ಸಾಗುವಂಥವು. ಒಳಗೆ ಹಿತ್ತಾಳೆ, ಎಣ್ಣೆಯ ವಾಸನೆ, ಕೆಳಗೆ ಬಗ್ಗಿ ನೋಡಿದರೆ ಎಂಜಿನಿನ ದೊಡ್ಡ ತೋಳುಗಳು ತಿರುಗುವುದು ಕಾಣುತ್ತದೆ. ದೋಣಿಯೇ ನೋಡುವ ವಸ್ತುವಾಗಿರುವುದು ಇಲ್ಲಿ ಮಾತ್ರ. ನಿಮ್ಮ ದಿನ ಉಗಿದೋಣಿಯೋ ಮೋಟಾರು ದೋಣಿಯೋ ಎಂದು ವೇಳಾಪಟ್ಟಿಯಲ್ಲಿ ನೋಡಿಕೊಳ್ಳಿ. ರೈಲಿನಲ್ಲಿ ವಾಸೆನ್ ಎಂಬ ಹಳ್ಳಿಯ ಬಿಳಿ ಚರ್ಚು ಮೂರು ಸಲ ಕಾಣುತ್ತದೆ, ಒಮ್ಮೆ ತಲೆಯ ಮೇಲೆ, ಒಮ್ಮೆ ಎದುರಿಗೆ, ಕೊನೆಗೆ ಕಾಲ ಕೆಳಗೆ. ಬೆಟ್ಟದೊಳಗೆ ಸುರುಳಿ ಸುರಂಗಗಳಲ್ಲಿ ಸುತ್ತುತ್ತ ರೈಲು ಎತ್ತರ ಗಳಿಸುವುದರಿಂದ ಹೀಗಾಗುತ್ತದೆ. ಮೇಲಿನ 15 ಕಿ.ಮೀ. ಸುರಂಗ 1882ರದು. 2016ರಲ್ಲಿ ಬುಡದಲ್ಲೇ 57 ಕಿ.ಮೀ.ಯ ಹೊಸ ಸುರಂಗ ತೆರೆದ ಮೇಲೆ ವೇಗದ ರೈಲುಗಳೆಲ್ಲ ಅಲ್ಲಿಗೆ ಹೋದವು, ಹಳೆಯ ಹಾದಿ ನೋಡುವವರಿಗೆಂದು ಉಳಿಯಿತು.

ಉಳಿಯಿತು ಎನ್ನುವುದೂ ಪೂರ್ತಿ ಸರಿಯಲ್ಲ. ನಾನು ದಂಡ ತೆತ್ತದ್ದು ಇಲ್ಲೇ. ಅದೇ ಹಳೆಯ ಹಳಿಯ ಮೇಲೆ ಟ್ರೆನೊ ಗೊಟಾರ್ಡೊ ಎಂಬ ತಾಮ್ರಬಣ್ಣದ ಸಾಮಾನ್ಯ ರೈಲು 2020ರ ಡಿಸೆಂಬರಿನಿಂದ ಗಂಟೆಗೊಂದರಂತೆ ಓಡುತ್ತಿದೆ. ಅದಕ್ಕೆ ರಿಸರ್ವೇಶನ್ ಬೇಕಿಲ್ಲ, ಸೆಕೆಂಡ್ ಕ್ಲಾಸ್ ಇದೆ, ಅದೇ ಚರ್ಚು ಮೂರು ಸಲ ಕಾಣುತ್ತದೆ. ಸರೋವರದ ದೋಣಿಯೂ ಮಾಮೂಲಿ ವೇಳಾಪಟ್ಟಿಯದೇ. ಪಾಸ್ ಇದ್ದರೆ ಎರಡಕ್ಕೂ ಸುಮ್ಮನೆ ಹತ್ತಬಹುದು, ಲುಗಾನೊಗೆ ಬೆಲಿಂಜೋನದಲ್ಲಿ ಒಮ್ಮೆ ಬದಲಿಸಿದರಾಯಿತು. ಒಂದು ತಪ್ಪಿದರೆ ಮುಂದಿನ ಗಂಟೆ ಇನ್ನೊಂದು. ಕೊಂಡಿ ಇಷ್ಟು ಗಟ್ಟಿಯಿರುವಾಗ ಅದನ್ನು ಕಾಯಲು ಬೇರೆಯವರಿಗೆ ಯಾಕೆ ದುಡ್ಡು ಕೊಡಬೇಕು? ಪನೋರಮಾ ರೈಲಿನ ಪರವಾಗಿ ಹೇಳಬಹುದಾದದ್ದು ಎರಡು: ಕಿಟಕಿ ಮೇಲಿನವರೆಗೆ ಗಾಜು, ಜೊತೆಗೆ ಫೋಟೊ ತೆಗೆಯುವವರಿಗೆಂದು ಕಿಟಕಿ ತೆರೆಯಬಹುದಾದ ಒಂದು ಬೋಗಿ. ಕ್ಯಾಮೆರಾ ಹುಚ್ಚಿನವರಿಗೆ ಆ ಬೋಗಿಯೊಂದೇ ಸಾಕು, ಅವರು ಕೊಡಲಿ.

ಮೂರನೆಯದು, ಚುಟುಕಾಗಿ

ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಿಂದ ಮಲೇಗ್‌ಗೆ ಹೋಗುವ ಹಾದಿ 1901ರದು, ಗ್ಲೆನ್‌ಫಿನ್ನನ್‌ನ 21 ಕಮಾನುಗಳ ಸೇತುವೆ ಅಲ್ಲೇ ಇದೆ. ಬೇಸಿಗೆಯಲ್ಲಿ ಜಾಕೊಬೈಟ್ ಎಂಬ ಉಗಿರೈಲು ಓಡುತ್ತದೆ. ಅದರ ಸೀಟು ಸಿಗುವುದೇ ಕಷ್ಟ, ಆದರೆ ಅದೇ ಸೇತುವೆಯ ಮೇಲೆ ಸಾಮಾನ್ಯ ರೈಲೂ ಹೋಗುತ್ತದೆ. ಮಲೇಗ್‌ನಿಂದ ಸ್ಕೈ ದ್ವೀಪಕ್ಕೆ ದೋಣಿ ಸಣ್ಣ ಪ್ರಯಾಣ. ತೊಡಕಿರುವುದು ದೋಣಿ ಇಳಿದ ಮೇಲೆ, ಆರ್ಮಡೇಲ್‌ನಿಂದ ಮುಂದಿನ ಬಸ್ಸು ವಿರಳ. ಹಾಗಾಗಿ ಇಲ್ಲಿ ಪ್ಯಾಕೇಜ್ ಕೊಳ್ಳುವುದಾದರೆ ದ್ವೀಪದೊಳಗೆ ವಾಹನ ಸೇರಿರುವಂಥದ್ದನ್ನೇ ಕೊಳ್ಳಿ. ಬ್ರಿಟನ್ನಿಗೆ ಬೇರೆ ವೀಸಾ. ನಾರ್ವೆ, ಸ್ವಿಟ್ಜರ್ಲೆಂಡ್ ಎರಡೂ ಯುರೋಪಿಯನ್ ಒಕ್ಕೂಟದಲ್ಲಿಲ್ಲದಿದ್ದರೂ ಷೆಂಗೆನ್ ಎಂಬ ಸಮಾನ ವೀಸಾ ವಲಯದಲ್ಲಿವೆ, ಒಂದೇ ವೀಸಾದಲ್ಲಿ ಎರಡನ್ನೂ ನೋಡಬಹುದು.

ಯಾರಿಗೆ ಯಾವುದು ಎಂದು ಕೇಳಿದರೆ: ನಾರ್ವೆಗೆ ಜುಲೈ-ಆಗಸ್ಟಿನಲ್ಲಿ, ಮೊದಲ ಸಲ, ಎರಡೇ ದಿನದ ಬಿಡುವಿನಲ್ಲಿ ಹೋಗುವವರು ಹೋಟೆಲ್ ಸೇರಿದ ಎರಡು ದಿನದ ಪ್ಯಾಕೇಜನ್ನೇ ಕೊಳ್ಳಿ, ಚೌಕಾಸಿ ಮಾಡುತ್ತ ಕೂರಬೇಡಿ. ಮಂಡಿನೋವಿನ ಹಿರಿಯರ ಜೊತೆ ಹೋಗುವವರಿಗೆ ಸ್ವಿಟ್ಜರ್ಲೆಂಡ್, ಪಾಸ್ ಹಿಡಿದು, ಪ್ಯಾಕೇಜ್ ಇಲ್ಲದೆ. ಊಟ, ಭಾಷೆ, ಪೆಟ್ಟಿಗೆ ಯಾವುದರ ಚಿಂತೆಯೂ ಬೇಡ ಎನ್ನುವವರಿಗೆ ಮ್ಯಾನೇಜರ್ ಜೊತೆಗಿರುವ ಗುಂಪು ಪ್ರವಾಸವೇ ಸರಿ. ಅದರಲ್ಲಿ ನೆಮ್ಮದಿ ಇದೆ, ದೋಣಿಕಟ್ಟೆಯಲ್ಲಿ ಇನ್ನರ್ಧ ಗಂಟೆ ಕೂರುವ ಸ್ವಾತಂತ್ರ್ಯ ಇರುವುದಿಲ್ಲ.

ಸ್ವಂತವಾಗಿ ಮಾಡುವವರು ಮೊದಲು ಫ್ಲೋಮ್‌ನ ಕೋಣೆ, ಆಮೇಲೆ ದೋಣಿ, ಆಮೇಲೆ ಫ್ಲೋಮ್ ರೈಲು, ಕೊನೆಗೆ ಉದ್ದದ ರೈಲು ಈ ಕ್ರಮದಲ್ಲಿ ಹುಡುಕಿ, ಬೇಗ ತುಂಬುವುದು ಮೊದಲು. ಎಲ್ಲದರ ವೇಳೆ ಒಂದು ಹಾಳೆಯ ಮೇಲೆ ಬರೆದು ಹೊಂದಿಸಿದ ಮೇಲೆ ದುಡ್ಡು ಕಟ್ಟಿ. ರೈಲಿಗೂ ದೋಣಿಗೂ ನಡುವೆ ಒಂದು ಗಂಟೆಯಾದರೂ ಇರಲಿ, ಫ್ಲೋಮ್‌ನಲ್ಲಿ ಆ ಗಂಟೆ ಕಳೆಯಲು ರೈಲಿನ ಪುಟ್ಟ ವಸ್ತುಸಂಗ್ರಹಾಲಯ ಇದೆ. ದೋಣಿಯ ಟಿಕೆಟಿಗೆ ಪೇ ಒತ್ತುವ ಮುನ್ನ ಯಾವ ಊರಿಂದ, ಯಾವ ಊರಿಗೆ ಎಂಬುದನ್ನು ಪಕ್ಕದಲ್ಲಿ ಕೂತವರಿಗೆ ಕೇಳುವ ಹಾಗೆ ಜೋರಾಗಿ ಓದಿ.